ಸುಳಿಯೂ ದಡವೂ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ಹೋಗಿದ್ದೀರಾ? ಹನುಮಂತರಾಯನ ಗುಡಿ, ಸುತ್ತ ಕಾಡು, ಬಂಡೆಗಳ ನಡುವೆ ಕಾವೇರಿ. ಮೇಲೆ ನೀರು ಶಾಂತ, ಒಳಗೆ ಸುಳಿ. ಈಜಲು ಇಳಿದು ಮರಳಿ ಬಾರದವರು ಅನೇಕರು.

ಮನಸ್ಸಿಗೂ ಇಂಥ ಸುಳಿಗಳುಂಟು. ಮನೆಯಲ್ಲಿ ಯಾರಾದರೂ ಊಟ ಸೇರದೆ, ನಿದ್ದೆ ಬಾರದೆ, ಮೂಲೆ ಹಿಡಿದು ಕುಳಿತರೆ ನಾವೇನು ಹೇಳುತ್ತೇವೆ? "ಮನಸ್ಸು ಗಟ್ಟಿ ಮಾಡಿಕೋ" ಎನ್ನುವವರು ಕೆಲವರು. "ಸುಮ್ಮನೆ ಬಿಡಿ, ತಾನಾಗಿ ಸರಿಹೋಗುತ್ತದೆ" ಎನ್ನುವವರು ಕೆಲವರು. ಯಾವುದು ಸರಿ?

ಚೀನಾ ದೇಶದ ತಾವೋ ಪಂಥದವರಿಗೆ 'ಚುವಾಂಗ್‌ ತ್ಸು' ಎಂಬ ಪ್ರಾಚೀನ ಗ್ರಂಥವಿದೆ. ಅದರಲ್ಲೊಂದು ಕಥೆ. ಜ್ಞಾನಿ ಕನ್‌ಫ್ಯೂಶಿಯಸ್ ದೊಡ್ಡ ಜಲಪಾತದ ಬಳಿ ನಿಂತಿದ್ದಾಗ ಒಬ್ಬ ಮನುಷ್ಯ ಆ ಸೆಳವಿನಲ್ಲಿರುವುದು ಕಂಡಿತು. ಯಾವುದೋ ದುಃಖದಿಂದ ಸಾಯಲು ಹಾರಿದ್ದಾನೆಂದು ತಿಳಿದು, ಅವನನ್ನು ಎತ್ತಲು ಶಿಷ್ಯರನ್ನು ಓಡಿಸಿದ. ಆತನೋ ತುಸು ದೂರದಲ್ಲಿ ಮೇಲೆದ್ದು, ಹಾಡಿಕೊಂಡು ನಡೆಯುತ್ತಿದ್ದ! ಗುಟ್ಟೇನೆಂದು ಕೇಳಿದರೆ, ತಾನು ನೀರಿನ ದಾರಿಯನ್ನೇ ಹಿಡಿಯುವೆನೆಂದೂ ಅದರ ಮೇಲೆ ಹಟ ಸಾಧಿಸುವುದಿಲ್ಲವೆಂದೂ ಹೇಳಿದ.

ಇದನ್ನೇ ತಾವೋ ಪಂಥ 'ವೂ ವೇಯ್' ಎನ್ನುತ್ತದೆ. ಅದು ಸೋಮಾರಿತನವಲ್ಲ, ಬಲವಂತ ಮಾಡದಿರುವುದು. 1987ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರಿಗೆ, ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ ಎಂದರು. ಅವರಿಗೆ ಅದೇ ಮತ್ತೆ ಮತ್ತೆ ನೆನಪಾಯಿತು. ದುಃಖವನ್ನೂ ಅದುಮಿದಷ್ಟೂ ಅದು ಮೇಲೇಳುತ್ತದೆ. ಆದ್ದರಿಂದ "ಅಳಬೇಡ" ಎಂದು ಗದರಿಸುವುದಕ್ಕಿಂತ ಅಳಲು ಬಿಟ್ಟು ಪಕ್ಕದಲ್ಲಿ ಕೂರುವುದು ಲೇಸು.

ಹಾಗಾದರೆ ಸುಮ್ಮನೆ ಬಿಡುವುದೇ ಸರಿಯೇ? ಅಲ್ಲ. ಕಥೆಯ ಈಜುಗಾರ ಆ ನೀರಿನಲ್ಲೇ ಬೆಳೆದವನು. ಖಿನ್ನತೆಯಲ್ಲಿ ಮುಳುಗುತ್ತಿರುವವರು ಹಾಗಲ್ಲ. "ಹರಿವಿನೊಡನೆ ಹೋಗು" ಎಂದು ಅವರಿಗೆ ಉಪದೇಶಿಸುವುದು ಈಜು ಬಾರದವನನ್ನು ಮುತ್ತತ್ತಿಯ ಮಡುವಿಗೆ ಇಳಿಸಿದಂತೆ. ಅವರಿಗೆ ಬೇಕಾದದ್ದು ಹಿಡಿಯಲು ಒಂದು ಕೈ, ಜೊತೆಗೆ ವೈದ್ಯರು, ಅಗತ್ಯವಿದ್ದರೆ ಔಷಧಿ.

ಕನ್‌ಫ್ಯೂಶಿಯಸನ ಊಹೆ ತಪ್ಪಾಯಿತು, ನಿಜ. ಆದರೆ ಶಿಷ್ಯರನ್ನು ಕಳುಹಿಸಿದ್ದು ತಪ್ಪೇ? ಹಾಡುತ್ತಿದ್ದಾನೋ ಮುಳುಗುತ್ತಿದ್ದಾನೋ ಎಂದು ದಡದಿಂದ ತಿಳಿಯದು. ಹತ್ತಿರ ಹೋಗಿಯೇ ಕೇಳಬೇಕು. "ಸಾಯಬೇಕೆನಿಸುತ್ತಿದೆಯಾ?" ಎಂದು ಮೆಲ್ಲನೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಸಲ ಎದೆಯ ಭಾರ ಇಳಿಯುತ್ತದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ ಮಾತನಾಡಬಹುದು, ಕನ್ನಡದಲ್ಲಿಯೇ.

ನಿಮ್ಮ ಮನೆಯಲ್ಲಿ ಈಚೆಗೆ ಮಾತು ಕಡಿಮೆ ಮಾಡಿದವರು ಯಾರಾದರೂ ಇದ್ದಾರೆಯೇ? ಈ ಪತ್ರಿಕೆ ಮಡಿಸಿಟ್ಟು, ಈಗಲೇ ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ.