ಪಾತ್ರೆಯ ಸಾಕ್ಷ್ಯ

ಮುಂಗಾರಿಗೆ ಮುನ್ನ ಕೊಡಗಿನ ಕಾಫಿತೋಟಗಳಲ್ಲಿ ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿ ಬೋರ್ಡೋ ದ್ರಾವಣವನ್ನು ಸಿದ್ಧಪಡಿಸುವ ಕ್ರಮವು ವಾಚಕರಿಗೆ ಪರಿಚಿತವೇ ಆಗಿದೆ. (ಅದು ತಡೆಯುವ ಕೊಳೆರೋಗದ ಹೆಸರು ಸಸ್ಯಶಾಸ್ತ್ರದ ಲ್ಯಾಟಿನ್ ನಾಮಾವಳಿಯಲ್ಲಿಯೂ ಸೇರಿಹೋಗಿರುವುದು ಕನ್ನಡಿಗರಿಗೆ ವಿನೋದದ ಸಂಗತಿ.) ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಲಾಗದು. ಕರಗಿಸಿದಲ್ಲಿ ತಾಮ್ರವು ಪಾತ್ರೆಗೆ ಅಂಟುವುದು, ಕಬ್ಬಿಣವು ನೀರಿಗೆ ಇಳಿಯುವುದು. ತೂಗಿ ಹಾಕಿದವನ ಲೆಕ್ಕವು ಸರಿಯಾಗಿದ್ದರೂ ಪಾತ್ರೆಯೊಳಗಿನದು ಬೇರೆಯೇ ಆಗಿರುವುದು.

ರೋಗಿಯ ರಕ್ತವನ್ನು ಹಿಡಿಯುವ ನಳಿಗೆಯ ವಿಷಯವೂ ಇಂತಹುದೇ. ರಕ್ತದ ದ್ರವಭಾಗದಲ್ಲಿ ಸತುವಿನ ಅಂಶವು ೧೦ ಲಕ್ಷದಲ್ಲಿ ಸುಮಾರು ಒಂದು ಪಾಲು ಮಾತ್ರ. ನಳಿಗೆಯ ಬಾಯಿಗೆ ಹಾಕುವ ರಬ್ಬರಿನ ಬಿರಡೆಯನ್ನು ತಯಾರಿಸುವಾಗಲಾದರೋ ಸತುವಿನ ಆಕ್ಸೈಡನ್ನು ಸೇರಿಸುವ ವಾಡಿಕೆಯುಂಟು. ಬಿರಡೆಯನ್ನು ಸೋಂಕಿದ ರಕ್ತವು ಅದರಿಂದ ಸತುವನ್ನು ಪಡೆಯುವುದರಿಂದ, ಕೊರತೆಯಿಂದ ಬಳಲುವವನಿಗೂ ಕೊರತೆಯಿಲ್ಲವೆಂಬ ವರದಿಯು ಬರಬಹುದು. ಅತ್ಯಲ್ಪ ಪ್ರಮಾಣದ ಲೋಹಗಳ ಪರೀಕ್ಷೆಗೆಂದೇ ಕಡುನೀಲಿ ಮುಚ್ಚಳದ ಬೇರೆ ನಳಿಗೆಗಳನ್ನು ಮಾಡಿರುವುದು ಈ ಕಾರಣದಿಂದಲೇ.

ಪಾತ್ರೆಯು ಕೊಡಬಲ್ಲುದು ಮಾತ್ರವಲ್ಲ, ಬಚ್ಚಿಡಲೂ ಬಲ್ಲುದು. ೨೦೧೭ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಸೀಸವನ್ನು ಅಳೆಯುವ ಒಂದು ಬಗೆಯ ಯಂತ್ರವು ಅಭಿಧಮನಿಯಿಂದ ತೆಗೆದ ರಕ್ತದಲ್ಲಿ ಇರುವುದಕ್ಕಿಂತ ಕಡಿಮೆ ಸೀಸವನ್ನು ತೋರಿಸುತ್ತಿದೆಯೆಂದು ಎಚ್ಚರಿಸಿತು. ಬಿರಡೆಯ ರಬ್ಬರಿನಿಂದ ಹೊರಟ ದ್ರವ್ಯವು ಸೀಸದೊಡನೆ ಕೂಡಿಕೊಂಡು ಅದನ್ನು ಯಂತ್ರಕ್ಕೆ ಕಾಣದಂತೆ ಮಾಡುತ್ತಿತ್ತೆಂಬುದು ಮುಂದಿನ ಶೋಧನೆಯಿಂದ ತಿಳಿದುಬಂದಿತು. ಸೀಸವು ಮಕ್ಕಳ ಬುದ್ಧಿಯನ್ನೇ ಕುಂದಿಸುವ ವಿಷ.

ಇಲ್ಲಿ ಸುಳ್ಳು ಹೇಳಿದವರಾರು? ರಕ್ತವನ್ನು ತೆಗೆದವಳು ಕಲಿತಂತೆ ಮಾಡಿದಳು. ಯಂತ್ರವು ತನಗೆ ಕಂಡುದನ್ನು ಅಳೆಯಿತು. ವೈದ್ಯನು ಬಂದ ಅಂಕಿಯನ್ನೇ ಓದಿ ಹೇಳಿದನು. ಉದ್ದೇಶವಿಲ್ಲದಲ್ಲಿ ಅಸತ್ಯದೋಷವಿಲ್ಲವೆಂದು ನೀತಿಜ್ಞರು ಇವರೆಲ್ಲರನ್ನೂ ಬಿಟ್ಟುಬಿಡಬಹುದು. ಆದರೆ ಅಷ್ಟು ಸುಲಭವಾಗಿ ಬಿಡತಕ್ಕುದಲ್ಲ. ಭೀತಿಯನ್ನು ತರುವ ಅಂಕಿಯು ಬಂದರೆ ಮರುಪರೀಕ್ಷೆಗೆ ಎಲ್ಲರೂ ಅವಸರಪಡುವರು. ಸಮಾಧಾನವನ್ನು ತರುವ ಅಂಕಿಯನ್ನು ಎರಡನೆಯ ಸಲ ಕೇಳುವವರಿಲ್ಲ. ಮೇಲಿನ ಎರಡು ತಪ್ಪುಗಳೂ ಸಮಾಧಾನದ ಕಡೆಗೇ ವಾಲಿದವು. ಆ ಕೇಳದಿರುವಿಕೆಯು ಮನುಷ್ಯನದು, ರಬ್ಬರಿನದಲ್ಲ.

ತೋಟದಲ್ಲಾದರೋ ದ್ರಾವಣವು ಕಣ್ಣಿಗೆ ತಿಳಿನೀಲಿಯಾಗಿ ಚೆನ್ನಾಗಿಯೇ ಕಂಡಾಗಲೂ ಉಜ್ಜಿದ ಚಾಕುವೊಂದನ್ನು ಅದರಲ್ಲಿ ಅದ್ದಿ ನೋಡುವ ಪದ್ಧತಿಯಿದೆ. ಅಲಗಿನ ಮೇಲೆ ಕೆಂಪು ಲೇಪವು ಕೂತರೆ ಸುಣ್ಣವು ಸಾಲದು. ಪಾತ್ರೆಯಾಗಿ ಸಲ್ಲದ ಕಬ್ಬಿಣವೇ ಇಲ್ಲಿ ಪರೀಕ್ಷಕನಾಗಿ ಸಲ್ಲುತ್ತದೆ! ಪ್ರಯೋಗಶಾಲೆಗಳಲ್ಲಿಯೂ ಇಂತಹದೊಂದು ಕ್ರಮವುಂಟು. ಹೊಸದಾಗಿ ಬಂದ ನಳಿಗೆಗಳಲ್ಲಿ ಕೆಲವನ್ನು ಆರಿಸಿ, ಶುದ್ಧವಾದ ತೆಳು ಆಮ್ಲವನ್ನು ತುಂಬಿ, ಬಿರಡೆಗೆ ತಗಲುವಂತೆ ತಲೆಕೆಳಗಾಗಿ ಇರಿಸಿ, ಬಳಿಕ ಅದರಲ್ಲಿರುವ ಲೋಹವನ್ನು ಅಳೆಯುವರು. ರಕ್ತದ ಒಂದು ಹನಿಯೂ ಇಲ್ಲದ ಆ ನಳಿಗೆಯಲ್ಲಿ ಸತುವು ಕಂಡುಬಂದರೆ, ಅದು ಯಾರದೆಂದು ಕೇಳಬೇಕಾದುದಿಲ್ಲ.