ನೆಮ್ಮದಿಯ ರೋಗಿಯೂ ಬದಲಿ ಮದ್ದೂ

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯುಂಟು. ಆದರೆ ಇಬ್ಬರ ಮನಸ್ಸೂ ಎಲ್ಲ ಸಲವೂ ಹೀಗೆ ಕೂಡಿ ಬರುವುದಿಲ್ಲ. ಮೆಲ್ಕಾರಿನ ಗೃಹಸ್ಥರೊಬ್ಬರು ಬಹುವರ್ಷಗಳಿಂದ ಒಂದೇ ಹೆಸರಿನ ಇನ್ಸುಲಿನ್ ಚುಚ್ಚಿಕೊಂಡು ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿ ಇರಿಸಿಕೊಂಡಿರುವರೆಂದು ಎಣಿಸಬಹುದು. ಅವರಿಗೆ ಅದರ ಬದಲು ಅಗ್ಗವಾದ ಸದೃಶೌಷಧವನ್ನು ಬರೆದುಕೊಡುವುದು ವೈದ್ಯರಿಗೆ ನ್ಯಾಯವೇ?

ಜೀವಕೋಶಗಳಲ್ಲಿ ಬೆಳೆಸುವ ಔಷಧವು ರಾಸಾಯನಿಕ ಗುಳಿಗೆಯಂತೆ ಅಣುವಿಗೆ ಅಣು ಒಂದೇ ಆಗಿರುವುದಿಲ್ಲ. ಒಂದೇ ಬೀಜದ ಭತ್ತವು ಗದ್ದೆಯಿಂದ ಗದ್ದೆಗೆ ತುಸು ಬೇರೆಯಾಗುವಂತೆ, ಮೂಲೌಷಧವೂ ಒಂದೊಂದು ತಯಾರಿಕೆಯಲ್ಲಿ ತುಸು ಬೇರೆಯಾಗುವುದು. ಆದುದರಿಂದಲೇ ಇನ್ನೊಬ್ಬರು ಮಾಡಿದುದಕ್ಕೆ 'ಬಯೋಸಿಮಿಲರ್', ಅಂದರೆ ಸದೃಶವೆಂಬ ಹೆಸರು.

ವೈದ್ಯರಲ್ಲಿ ಎರಡು ಪಕ್ಷಗಳುಂಟು. ನೆಮ್ಮದಿಯಾಗಿರುವವರನ್ನು ಕದಲಿಸಬಾರದೆಂಬುದು ಒಂದು. ಉಳಿದ ಹಣದಿಂದ ಚಿಕಿತ್ಸೆಯೇ ಇಲ್ಲದವರಿಗೆ ಚಿಕಿತ್ಸೆ ದೊರೆಯುವುದೆಂಬುದು ಇನ್ನೊಂದು. ಸಾಕ್ಷ್ಯವು ಎರಡನೆಯ ಪಕ್ಷದ ಕಡೆಗೆ ವಾಲಿರುವುದು. 2021ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಬೆಂಗಳೂರಿನ ಬಯೋಕಾನ್ ಬಳಗದ ಇನ್ಸುಲಿನ್ ಗ್ಲಾರ್ಜಿನನ್ನು ಮೂಲೌಷಧಕ್ಕೆ ಬದಲಾಗಿ ಕೊಡಬಹುದೆಂದು ಅಂಗೀಕರಿಸಿದರು. ಅಲ್ಲಿ ಆ ಮನ್ನಣೆ ಪಡೆದ ಮೊದಲನೆಯ ಸದೃಶೌಷಧವು ಅದೇ. ಕೀಲು, ಕರುಳು, ಚರ್ಮಗಳ ಉರಿಯೂತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧವನ್ನು ಕುರಿತು ನಾರ್ವೆಯಲ್ಲಿ 482 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲವು 2017ರಲ್ಲಿ ಪ್ರಕಟವಾಯಿತು. ಮೂಲೌಷಧದಲ್ಲಿಯೇ ಉಳಿದವರಲ್ಲಿ ನೂರಕ್ಕೆ 26 ಮಂದಿಗೂ, ಬದಲಾದವರಲ್ಲಿ 30 ಮಂದಿಗೂ ರೋಗ ಉಲ್ಬಣಿಸಿತು. ಈ ಅಂತರವು ಮೊದಲೇ ಗೊತ್ತುಪಡಿಸಿದ 15ರ ಮಿತಿಯೊಳಗಿತ್ತು. ಅಲ್ಲಿ ಯಾರಿಗೆ ಯಾವುದು ದೊರೆಯಿತೆಂಬುದು ರೋಗಿಗೂ ವೈದ್ಯರಿಗೂ ತಿಳಿದಿರಲಿಲ್ಲ.

ನೆದರ್‌ಲೆಂಡ್ಸಿನಲ್ಲಿ 192 ಮಂದಿ ತಿಳಿದೂ ಒಪ್ಪಿಯೂ ಅದೇ ಔಷಧವನ್ನು ಬದಲಿಸಿಕೊಂಡರು. ಆರು ತಿಂಗಳೊಳಗೆ ಅವರಲ್ಲಿ ಸುಮಾರು ಕಾಲುಭಾಗದವರು ಅದನ್ನು ಬಿಟ್ಟರು. ಬಹುಮಂದಿಯ ಬಾಧೆಯು ಅವರ ಅನುಭವಕ್ಕೆ ಬಂದುದೇ ಹೊರತು ಅಳತೆಗೆ ಸಿಕ್ಕುದಾಗಿರಲಿಲ್ಲ. ಅಂಜಿಕೆಯೂ ನೋವನ್ನು ತರಬಲ್ಲುದು.

ಇಲ್ಲಿಯೇ ಧರ್ಮಸೂಕ್ಷ್ಮವಿರುವುದು. ತಿಳಿಸಿದರೆ ಅಂಜಿಕೆಯಿಂದ ನೋವಾಗಬಹುದಾದರೆ, ತಿಳಿಸದಿರುವುದೇ ದಯೆಯಲ್ಲವೇ? ಅಲ್ಲ. ನಾರ್ವೆಯ ರೋಗಿಗಳು ಅರಿಯದೆ ಇರುವುದಕ್ಕೂ ಮುಂಚಿತವಾಗಿ ಒಪ್ಪಿದ್ದರು. ಮೆಲ್ಕಾರಿನ ಗೃಹಸ್ಥರು ಒಪ್ಪಿಲ್ಲ. ಮೇಲಾಗಿ ಪೆಟ್ಟಿಗೆಯ ಮೇಲಿನ ಹೊಸ ಹೆಸರನ್ನು ಮನೆಯಲ್ಲಿ ಓದಿದ ದಿನ ಅವರಿಗೆ ಮದ್ದಿನಲ್ಲಿ ಮಾತ್ರವಲ್ಲ, ವೈದ್ಯರಲ್ಲಿಯೂ ವಿಶ್ವಾಸ ತಪ್ಪುವುದು. ಅಂಜಿಕೆಗೆ ಮದ್ದು ಮೌನವಲ್ಲ. ಕಾರಣವನ್ನು ಬಿಡಿಸಿ ಹೇಳುವ ತಾಳ್ಮೆ. ಉಳಿತಾಯವು ಯಾರ ಕೈಸೇರುವುದೆಂಬುದನ್ನೂ ಹೇಳಬೇಕು. ಅದು ರೋಗಿಗೋ ಇನ್ನೊಬ್ಬ ಬಡವನಿಗೋ ತಲಪದಿದ್ದರೆ, ಬದಲಿಸುವುದಕ್ಕಿದ್ದ ನ್ಯಾಯವೇ ಉಳಿಯದು. ಔಷಧವು ಸದೃಶವೆಂದು ವಿಜ್ಞಾನವು ಹೇಳಬಹುದು. ಬದಲಿಸಲು ಅಪ್ಪಣೆ ಕೊಡತಕ್ಕವನು ಅದನ್ನು ಸೇವಿಸುವವನೇ.