ಕೈತಪ್ಪಿದ ಸೂಜಿಗೆ ಹೊಣೆ ಯಾರು?

ಮಾರಕ ಪಾಪಕ್ಕೆ ಗಂಭೀರ ವಿಷಯ, ಪೂರ್ಣ ಅರಿವು, ಪೂರ್ಣ ಸಮ್ಮತಿ ಈ ಮೂರೂ ಇರಬೇಕೆಂದು ಧರ್ಮಸಭೆ ಬೋಧಿಸುತ್ತದೆ. ತುರ್ತು ಚಿಕಿತ್ಸಾ ಘಟಕದ ಗಾಬರಿಯಲ್ಲಿ ತಪ್ಪು ಚುಚ್ಚುಮದ್ದು ನೀಡಿದ ದಾದಿಯಲ್ಲಿ ಮೊದಲನೆಯದು ಮಾತ್ರ ಇದೆ. ಹಾಗಾದರೆ ಜೀವವೊಂದು ಹೋದಾಗ ಹೊಣೆ ಯಾರದೂ ಅಲ್ಲವೇ?

ಅಡ್ರಿನಲಿನ್ ಎಂಬ ಔಷಧವನ್ನೇ ನೋಡಿ. ಪುಟ್ಟ ಗಾಜಿನ ಆಂಪೂಲಿನಲ್ಲಿ 1 ಮಿಲಿಗ್ರಾಂ ಇರುತ್ತದೆ. ಹೃದಯ ನಿಂತ ವಯಸ್ಕನಿಗೆ ಅಷ್ಟನ್ನೂ ರಕ್ತನಾಳಕ್ಕೆ ಕೊಡುತ್ತಾರೆ. ತೀವ್ರ ಅಲರ್ಜಿಯಿಂದ ಉಸಿರುಕಟ್ಟಿದವನಿಗೆ ಅರ್ಧ ಮಿಲಿಗ್ರಾಂ ಸಾಕು, ಅದೂ ತೊಡೆಯ ಸ್ನಾಯುವಿಗೆ. ಇದು ಅದಲುಬದಲಾದರೆ ಬಡಿಯುತ್ತಿರುವ ಹೃದಯವೇ ಲಯ ತಪ್ಪಬಹುದು.

ತಡೆಯುವ ಉಪಾಯಗಳು ಸರಳ. ವೈದ್ಯರು ಔಷಧದ ಹೆಸರಿನೊಡನೆ ಪ್ರಮಾಣವನ್ನೂ ಮಾರ್ಗವನ್ನೂ ಹೇಳುವುದು, ಕೇಳಿದವರು ಅದನ್ನು ಗಟ್ಟಿಯಾಗಿ ಮರುನುಡಿಯುವುದು, ತುಂಬಿದ ಸಿರಿಂಜಿಗೆ ಕೂಡಲೇ ಹೆಸರಿನ ಚೀಟಿ ಅಂಟಿಸುವುದು, ನೋಡಲು ಒಂದೇ ತೆರನಾದ ಆಂಪೂಲುಗಳನ್ನು ಬೇರೆ ಬೇರೆ ತಟ್ಟೆಗಳಲ್ಲಿಡುವುದು. ಆದರೆ ಇವನ್ನು ನಿಯಮವಾಗಿಸಬೇಕಾದವರು ರೋಗಿಯ ಪಕ್ಕದಲ್ಲಿ ನಿಂತವರಲ್ಲ. ಔಷಧ ಕೊಳ್ಳುವವರು, ಸಿಬ್ಬಂದಿಯ ಪಾಳಿ ನಿರ್ಧರಿಸುವವರು. ಅವರಿಗೆ ಗಾಬರಿಯಿಲ್ಲ, ಸಮಯವಿದೆ. ಅಪಾಯವನ್ನು ಬಲ್ಲ ಅವರು ಕೆಲಸವನ್ನು ಮುಂದೂಡಿದರೆ ಅರಿವು, ಸಮ್ಮತಿ ಎರಡೂ ಅಲ್ಲಿವೆ.

ದಾದಿಯರೆಲ್ಲ ನಿರ್ದೋಷಿಗಳೆಂದಲ್ಲ. 2017ರಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ಆಸ್ಪತ್ರೆಯೊಂದರಲ್ಲಿ ದಾದಿಯೊಬ್ಬರು ವರ್ಸೆಡ್ ಎಂಬ ಶಮನಕಾರಿಯನ್ನು ಹುಡುಕಿ, ಔಷಧಯಂತ್ರದಲ್ಲಿ ಇಂಗ್ಲಿಷಿನ ಮೊದಲೆರಡು ಅಕ್ಷರ ಒತ್ತಿ, ಸ್ನಾಯುಗಳನ್ನು ಸ್ತಬ್ಧಗೊಳಿಸುವ ವೆಕ್ಯುರೋನಿಯಂ ತೆಗೆದರು. ರೋಗಿ ತೀರಿಕೊಂಡರು. ಮುಚ್ಚಳದ ಮೇಲೆಯೇ ಎಚ್ಚರಿಕೆ ಇತ್ತು. ಓದದಿದ್ದುದು ಲೋಪವೇ ಸರಿ. 2022ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿಯೆಂದಿತು. ಸಾವಿನ ನಿಜ ಕಾರಣವನ್ನು ಮೊದಲು ಅಧಿಕಾರಿಗಳಿಗೆ ತಿಳಿಸದ ಆಸ್ಪತ್ರೆಯ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. ಇದು ನನಗೆ ನ್ಯಾಯವೆನಿಸುವುದಿಲ್ಲ.

ನಮ್ಮ ಚಾಮರಾಜಪೇಟೆಯಲ್ಲೂ ಸಿಟ್ಟು ಹತ್ತಿರ ಸಿಕ್ಕವರ ಮೇಲೆಯೇ ತಿರುಗಿತು. 2019ರ ಜುಲೈನಲ್ಲಿ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯಾದ ಹಲವರು ದೃಷ್ಟಿ ಕಳೆದುಕೊಂಡರು. ಅಲ್ಲಿ ಶಂಕೆ ಮೂಡಿದ್ದು ಔಷಧ ಅದಲುಬದಲಾದುದರ ಬಗ್ಗೆಯಲ್ಲ, ಬಳಸಿದ ಔಷಧದ ದೋಷದ ಬಗ್ಗೆ. ಆ ಕುಟುಂಬಗಳ ನೋವು ದೊಡ್ಡದು. ಆದರೆ ನವೆಂಬರ್ 1ರಂದು ಪ್ರತಿಭಟನಕಾರರು ತಮ್ಮ ಮೇಲೆ ಹಲ್ಲೆ ನಡೆಸಿದರೆಂದು ಕಿರಿಯ ವೈದ್ಯರು ಮುಷ್ಕರಕ್ಕಿಳಿಯಬೇಕಾಯಿತು. ಇದನ್ನು ಕಂಡ ಯಾವ ದಾದಿ ತಾನೇ "ಅಯ್ಯೋ, ಪ್ರಮಾಣ ಹೆಚ್ಚಾಯಿತು" ಎಂದು ಬಾಯಿಬಿಟ್ಟಾರು? ಅವರು ಹೇಳಿದ ಮರುಗಳಿಗೆಯಲ್ಲೇ ರೋಗಿಯನ್ನು ಉಳಿಸುವ ಚಿಕಿತ್ಸೆ ಆರಂಭವಾಗಬೇಕು. ಅವರು ಹೇಳಿದರೆ ಮಾತ್ರ ಮರುದಿನ ಯಾರಾದರೂ ಆ ಆಂಪೂಲುಗಳನ್ನು ಬೇರೆ ತಟ್ಟೆಗೆ ಸರಿಸುತ್ತಾರೆ.